ಕೈ ಸಮ ಆಗೋ ತನಕ

ಆ ಊರಲ್ಲಿ ಪೊಲೀಸಿನವರು ಗಾಡಿ ನಿಲ್ಲಿಸಿದರೆ ಮೊದಲು ಕೈ ಹಿಡೀಬೇಕು. ಕಟ್ಟಳೆ ಅಂತ ಇದ್ದದ್ದು ಅದೊಂದೇ.

ಗಾಡಿ ಓಡಿಸೋನು ಕಿಟಕಿಯಿಂದ ಬಲಗೈ ಆಚೆ ಚಾಚಬೇಕು, ಅಂಗೈ ಮೇಲಾಗಿ. ಪೊಲೀಸಿನವನು ತನ್ನ ಬಲಗೈ ಅದರ ಮೇಲೆ ಇಡಬೇಕು, ಅಂಗೈ ಕೆಳಗಾಗಿ. ಎರಡು ಕೈಯ ಬಿಸಿ ಒಂದೇ ಆಗೋ ತನಕ ಹಾಗೇ ಇರಬೇಕು. ಅಲ್ಲೀವರೆಗೆ ಇಬ್ಬರೂ ಬಾಯಿ ಬಿಡಂಗಿಲ್ಲ. ಯಾರಾದರೂ ಒಂದು ಮಾತು ಆಡಿದರೋ, ಗಾಡಿಯವನು ಇಳಿದು ತನ್ನ ಗಾಡಿಗೆ ಮೂರು ಸುತ್ತು ಬಂದು, ಮತ್ತೆ ಕೂತು, ಮತ್ತೆ ಕೈ ಚಾಚಬೇಕು. ಬಿಸಿ ಒಂದೇ ಆಯ್ತು ಅಂತ ಇಬ್ಬರಿಗೂ ಗೊತ್ತಾದಾಗ ಇಬ್ಬರೂ ಒಟ್ಟಿಗೆ "ಸಮ" ಅನ್ನಬೇಕು. ಏನು ತಪ್ಪು, ಯಾವ ಕಾಗದ, ಎತ್ತ ಹೊರಟಿದ್ದು, ಇವೆಲ್ಲ ಆಮೇಲಿನ ಮಾತು.

ಸುಳ್ಳು ಸಮ ಅನ್ನೋಕೆ ಆಗ್ತಿರಲಿಲ್ಲ. ಹಾಗೇನಾದರೂ ಅಂದರೆ ಗಾಡಿ ಸ್ಟಾರ್ಟ್ ಆಗ್ತಿರಲಿಲ್ಲ. ಯಾಕೆ ಅಂತ ಮೆಕ್ಯಾನಿಕ್ಕುಗಳು ಬಿಚ್ಚಿ ನೋಡಿದ್ದಾರೆ. ಒಳಗೆ ಏನೂ ಕೆಟ್ಟಿರೋದಿಲ್ಲ. ವಾಪಸ್ ಜೋಡಿಸೋವಾಗ ಮಾತ್ರ ಒಂದೆರಡು ನಟ್ಟು ಮಿಕ್ಕೋದು.

ಮೊದಲು ಹೀಗಿರಲಿಲ್ಲವಂತೆ. ಮೊದಲು ಆ ಊರಲ್ಲೂ ಬೇರೆ ಊರುಗಳ ಥರಾನೇ ಬಾಯಿ ಮುಂದೆ ಇತ್ತು.

"ಏಯ್, ಹಾಕೋ ಸೈಡಿಗೆ."

"ಏನ್ ಸಾರ್ ಏಕವಚನ?"

"ನಿಂಗೇನು ಬಹುವಚನ ಬೇಕಾ? ಇಳಿಯೋ ಕೆಳಗೆ."

"ನಾನ್ಯಾರು ಗೊತ್ತಾ ನಿಮಗೆ?"

ಹೀಗೆ. ಒಂದು ದಿನ ಹೀಗೇ ಮಾತು ಬೆಳೀತಿದ್ದಾಗ ಗಾಡಿಯವನು ಕಾಗದ ತೆಗೆಯೋಕೆ ಅಂತ ಜೇಬಿಗೆ ಕೈ ಹಾಕಿದ. ಪೊಲೀಸಿನವನು ಚಾಕು ಅಂದ್ಕೊಂಡ. ಲಾಠಿ ಬೀಸಿದ. ಒಂದೇ ಏಟು. ಬಿದ್ದವನ ಮುಷ್ಟಿ ಬಿಡಿಸಿ ನೋಡಿದರೆ ಕಾಗದ ಇತ್ತು. ಎಲ್ಲ ಸರಿ ಇತ್ತು, ತಾರೀಖು ಕೂಡ ಮುಗಿದಿರಲಿಲ್ಲ.

ಸತ್ತವನ ತಾಯೀನ ಕರ್ಕೊಂಡು ಬಂದರು. ಅವಳು ಮಗನ ಕೈ ಹಿಡಿದುಕೊಂಡಳು. ಆಮೇಲೆ ಎದ್ದು ಬಂದು, ಗೋಡೆ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ ಆ ಪೊಲೀಸಿನವನ ಕೈ ಹಿಡಿದುಕೊಂಡಳು. ಹೊಡೀತಾಳೆ ಅಂತ ಎಲ್ಲ ಅಂದ್ಕೊಂಡರು.

"ಇದೂ ಅಷ್ಟೇ ತಣ್ಣಗಿದೆ," ಅಂದಳು.

"ಹೆದರಿಕೆ ಆಯ್ತಮ್ಮ," ಅಂದ ಅವನು.

"ಅವನಿಗೂ ಆಗಿರ್ತದೆ. ಮೊದಲೇ ಕೈ ಹಿಡ್ಕೊಂಡಿದ್ರೆ ಗೊತ್ತಾಗ್ತಿತ್ತಲ್ಲಪ್ಪ."

ಅಷ್ಟೇ ಅವಳು ಹೇಳಿದ್ದು. ಯಾರೂ ಬರೆದುಕೊಳ್ಳಲಿಲ್ಲ, ಡಂಗುರ ಹೊಡೆಸಲಿಲ್ಲ. ಮಾರನೇ ದಿನ ಮೊದಲನೇ ಗಾಡಿ ನಿಂತಾಗ ಕಿಟಕಿಯಿಂದ ಒಂದು ಕೈ ಬಂತು, ಅಂಗೈ ಮೇಲಾಗಿ. ಅದರ ಮೇಲೆ ಒಂದು ಕೈ ಬಂತು, ಅಂಗೈ ಕೆಳಗಾಗಿ. ಅವತ್ತಿಂದ ಅದೇ ಕಟ್ಟಳೆ.

ಹೆದರಿದವನ ಕೈ ತಣ್ಣಗಿರ್ತದೆ. ಸಿಟ್ಟಿನವನ ಕೈ ಬಿಸಿ ಇರ್ತದೆ. ಹೆದರಿಕೆ ಇಳಿಯೋಕೆ ಹೊತ್ತು ಬೇಕು, ಸಿಟ್ಟು ಇಳಿಯೋಕೂ ಹೊತ್ತು ಬೇಕು. ಸಾಮಾನ್ಯವಾಗಿ ಒಂದು ಎಲೆಅಡಿಕೆ ಹೊತ್ತು ಹಿಡಿಯೋದು, ಅಂದರೆ ಎಲೆಗೆ ಸುಣ್ಣ ಹಚ್ಚಿ, ಬಾಯಿಗೆ ಹಾಕಿ, ಅಗಿದು, ಉಗಿಯೋ ಅಷ್ಟು ಹೊತ್ತು. ಸಮ ಅಂದ ಮೇಲೆ ನೋಡಿದರೆ ಎಷ್ಟೋ ಸಲ ಪೊಲೀಸಿನವನಿಗೆ ಯಾಕೆ ನಿಲ್ಲಿಸಿದ್ದು ಅನ್ನೋದೇ ಮರೆತುಹೋಗಿರೋದು. "ಏನೋ ಕೇಳಬೇಕು ಅಂತಿದ್ದೆ. ಇರಲಿ, ಹೋಗ್ಬನ್ನಿ," ಅನ್ನೋನು.

ಎಡವಟ್ಟುಗಳೂ ಆಗ್ತಿದ್ದವು. ಒಂದು ಸಲ ಪೊಲೀಸಿನವನಿಗೆ ಜ್ವರ ಬಂದಿತ್ತು, ರಜ ಸಿಕ್ಕಿರಲಿಲ್ಲ. ಅವತ್ತು ನಿಲ್ಲಿಸಿದ ಗಾಡಿ ಒಂದೂ ಹೊರಡಲಿಲ್ಲ. ಕೊನೆಗೆ ಗಾಡಿಯವರೇ ಕೂಡಿ ಅವನಿಗೆ ಶುಂಠಿ ಕಷಾಯ ಕುಡಿಸಿ, ಕಂಬಳಿ ಹೊದಿಸಿ, ಬೆವರಿಳಿಯೋ ತನಕ ಕಾದರು. ಇನ್ನೊಂದು ಸಲ ಹೊರಗಿನಿಂದ ಒಬ್ಬ ದೊಡ್ಡ ಮನುಷ್ಯ ದೊಡ್ಡ ಕಾರಲ್ಲಿ ಬಂದ. ಕೈ ಚಾಚಿದ, ಆದರೆ ಬಾಯಿ ನಿಲ್ಲಲಿಲ್ಲ. "ನಾನ್ಯಾರು ಗೊತ್ತಾ?" ಅಂದ. ಮೂರು ಸುತ್ತು ಬಂದ. ಕೂತು ಮತ್ತೆ ಕೈ ಚಾಚಿ "ಗೊತ್ತಾ ನಾನ್ಯಾರು?" ಅಂದ. ಮತ್ತೆ ಮೂರು. ಹೀಗೆ ಇಪ್ಪತ್ತೇಳು ಸುತ್ತು ಆದ ಮೇಲೆ ಏದುಸಿರು ಬಿಡ್ತಾ ಸುಮ್ಮನೆ ಕೂತ. ಆಗ ಸಮ ಆಯ್ತು. "ಈಗ ಹೇಳಿ, ಯಾರು ನೀವು?" ಅಂತ ಪೊಲೀಸಿನವನು ಕೇಳಿದ. "ಯಾರೂ ಇಲ್ಲ ಬಿಡಪ್ಪ," ಅಂದನಂತೆ.

ಇಂಥ ಊರಿನ ನಡುಮಧ್ಯೆ, ನಾಲ್ಕು ದಾರಿ ಸೇರೋ ಚೌಕದಲ್ಲಿ, ಒಬ್ಬ ಪೊಲೀಸಿನವನು ಹನ್ನೊಂದು ಬೇಸಿಗೆಯಿಂದ ನಿಂತಿದ್ದ. ಅಲ್ಲಿ ಮರ ಇರಲಿಲ್ಲ. ಅವನಿಗೆ ಅಂತ ಒಂದು ದೊಡ್ಡ ಕೊಡೆ ಮಂಜೂರಾಗಿತ್ತು. ಕಡ್ಡಿ ಬಂದು ನಿಂತಿದ್ದವು, ಬಟ್ಟೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಅವನ ಮೈಮೇಲೆ ನೆರಳು ಗೆರೆಗೆರೆಯಾಗಿ ಬೀಳೋದು. ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ಅವನ ಕೈ ಹಂಚಿನ ಥರ ಕಾಯೋದು.

ದಿನಾ ಆ ಹೊತ್ತಿಗೆ ಸರಿಯಾಗಿ ಐಸಿನ ಗಾಡಿ ಬರೋದು.

ಐಸ್ ಗಾಡಿಯವನು ಊರಾಚೆ ಫ್ಯಾಕ್ಟರಿಯಿಂದ ಐಸ್ ಗಡ್ಡೆ ತರ್ತಿದ್ದ. ಭತ್ತದ ಹೊಟ್ಟು ಹರಡಿ, ಗಡ್ಡೆ ಇಟ್ಟು, ಗೋಣಿ ಮುಚ್ಚಿ ತರ್ತಿದ್ದ. ಗಡ್ಡೆ ಎತ್ತಿ ಎತ್ತಿ ಅವನ ಕೈ ಸದಾ ತಣ್ಣಗೆ. ಪೊಲೀಸಿನವನು ಕೈ ತೋರಿಸೋನು, ಗಾಡಿ ನಿಲ್ಲೋದು. ಅಂಗೈ ಮೇಲಾಗಿ, ಅಂಗೈ ಕೆಳಗಾಗಿ. ಪೊಲೀಸಿನವನು ಕಣ್ಣು ಮುಚ್ಚೋನು. ಅವನ ಭುಜ ಇಳಿಯೋದು. ಇಡೀ ದಿನದಲ್ಲಿ ಅವನಿಗೆ ಸಿಕ್ಕೋ ತಂಪು ಅದೊಂದೇ.

"ಸಮ," ಅನ್ನೋರು ಇಬ್ಬರೂ.

"ಏನು ತಪ್ಪು ಸಾಹೇಬ್ರೇ?"

"ಬ್ರೇಕ್ ಲೈಟು ಉರೀತಿಲ್ಲ."

"ಹೌದಾ. ನೋಡ್ತೀನಿ."

"ನೋಡು. ನಿನ್ನೇನೂ ನೋಡ್ತೀನಿ ಅಂದಿದ್ದೆ."

"ನಿನ್ನೇನೂ ನೋಡ್ದೆ. ಉರೀತಿರಲಿಲ್ಲ."

ಹನ್ನೊಂದು ವರ್ಷ ಇದೇ ಮಾತು. ಮೆಕ್ಯಾನಿಕ್ಕು ಎರಡು ಸಲ ಬಿಟ್ಟಿ ಬಲ್ಬ್ ಹಾಕ್ತೀನಿ ಅಂತ ಬಂದ. ಐಸ್ ಗಾಡಿಯವನು ಬೇಡ ಅಂದ. "ಅದು ಸರಿ ಹೋದ್ರೆ ಅವರು ನನ್ನ ಯಾಕೆ ನಿಲ್ಲಿಸ್ತಾರೆ?" ಅಂದ. ಮೆಕ್ಯಾನಿಕ್ಕು ಅವನ ಮುಖಾನೇ ಒಂದು ಗಳಿಗೆ ನೋಡಿ ಬಲ್ಬ್ ಜೇಬಿಗೆ ಹಾಕ್ಕೊಂಡು ಹೋದ.

ಪೊಲೀಸಿನವನ ಹೆಂಡತಿ ಇದನ್ನೆಲ್ಲ ಬಲ್ಲಳು. ಸಂಜೆ ಗಂಡ ಮನೆಗೆ ಬಂದರೆ ಮೊದಲು ಅವನ ಕೈ ಮುಟ್ಟಿ ನೋಡೋಳು. "ಇವತ್ತು ಐಸಿನ ಅಣ್ಣ ಸಿಕ್ಕಿದ್ರು ಅನ್ನಿ," ಅನ್ನೋಳು. ಸಿಗದ ದಿನ ಏನೂ ಅನ್ನದೆ ಒಂದು ಚೊಂಬು ನೀರು ಕೊಡೋಳು. ಬುತ್ತಿ ಕ್ಯಾರಿಯರಲ್ಲಿ ಮಜ್ಜಿಗೆಗೆ ಅಂತ ಎರಡು ಲೋಟ ಇಟ್ಟು ಕಳಿಸೋಳು. ಒಂದು ಸಲ ಚೌಕದಲ್ಲಿ ಎದುರಾದಾಗ ಐಸ್ ಗಾಡಿಯವನಿಗೆ ಅಂದಿದ್ದಳು: "ಅಣ್ಣ, ನೀವು ಬರದ ದಿನ ಇವರು ಮನೇಲಿ ಸಾರಿನ ಮೇಲೂ ರೇಗ್ತಾರೆ. ಆ ಲೈಟು ಮಾತ್ರ ರಿಪೇರಿ ಮಾಡಿಸ್ಬೇಡಿ."

ಆ ಊರಲ್ಲಿ ಐಸಿಗೆ ಇನ್ನೊಂದು ಕೆಲಸಾನೂ ಇತ್ತು. ಬೇಸಿಗೇಲಿ ಯಾರಾದರೂ ತೀರಿಹೋದರೆ, ದೂರದವರು ಬಂದು ಮುಖ ನೋಡೋ ತನಕ ಐಸಲ್ಲಿ ಇಡೋರು. ಐಸ್ ಇರೋ ತನಕ ಕಾಯೋರು. ಐಸ್ ಮುಗಿದ ಮೇಲೆ ಕಾಯ್ತಿರಲಿಲ್ಲ. ಸಾವಿನ ಮನೆಗೆ ಐಸ್ ಒಯ್ಯೋವಾಗ ಗಾಡಿಯ ಮುಂದೆ ಬಿಳೀ ಬಟ್ಟೆ ಕಟ್ಟೋರು. ಬಿಳೀ ಬಟ್ಟೆ ಕಂಡರೆ ಯಾವ ಪೊಲೀಸಿನವನೂ ಕೈ ತೋರಿಸೋದಿಲ್ಲ. ಟೋಪಿ ತೆಗೆದು ದಾರಿ ಬಿಡ್ತಾನೆ.

ಹನ್ನೊಂದನೇ ಬೇಸಿಗೆಯ ಒಂದು ಬೆಳಗ್ಗೆ, ಒಣಗಿದ ಕೆರೆಯ ಕಾಲುದಾರಿ ಹಿಡಿದು ಒಬ್ಬಳು ಹೆಂಗಸು ಫ್ಯಾಕ್ಟರಿಗೆ ಓಡಿ ಬಂದಳು. ಪೊಲೀಸಿನವನ ಪಕ್ಕದ ಮನೆಯಾಕೆ. ಕೈಯೆಲ್ಲ ಹುಣಸೆಹಣ್ಣು ಮೆತ್ತಿಕೊಂಡಿತ್ತು.

"ಅಣ್ಣಾ, ಐಸ್ ಬೇಕು. ಅಕ್ಕ ಹೋಗ್ಬಿಟ್ರು."

"ಯಾವ ಅಕ್ಕ?"

"ಚೌಕದ ಪೊಲೀಸಿನೋರ ಹೆಂಡ್ತಿ. ಇಬ್ಬರೂ ಜಗಲೀಲಿ ಕೂತು ಹುಣಸೆಹಣ್ಣು ಬಿಡಿಸ್ತಿದ್ವಿ. ಏನೋ ಹೇಳ್ತಾ ಗೋಡೆಗೆ ಒರಗಿದ್ರು. ಮಾತು ಮುಗಿಸ್ತಾರೆ ಅಂತ ನಾನು ಕಾಯ್ತಾ ಇದ್ದೆ ಅಣ್ಣಾ. ತುಂಬಾ ಹೊತ್ತು ಕಾದೆ."

ಐಸ್ ಗಾಡಿಯವನು ಕೈಲಿದ್ದ ಗಡ್ಡೆ ಕೆಳಗಿಟ್ಟ.

"ಅವರಿಗೆ ಹೇಳಿದ್ರಾ?"

"ಇಲ್ಲ. ನನ್ನ ಕೈಲಾಗಲ್ಲ. ನೀವು ಆ ಕಡೆಯಿಂದಾನೇ ಹೋಗ್ತೀರಲ್ಲ. ದಿನಾ ಕೈ ಹಿಡ್ಕೊಳ್ಳೋರು ನೀವು, ನೀವೇ ಹೇಳಿ. ಮಗಳಿಗೆ ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದ್ದೀವಿ. ಸಂಜೆ ಬಸ್ಸಿಗೆ ಬರ್ತಾಳೆ. ಅಲ್ಲೀತನಕ ಇಡಬೇಕು."

ಅವತ್ತು ಫ್ಯಾಕ್ಟರೀಲಿ ಕಟ್ಟಿದ್ದದ್ದು ಐದೇ ಗಡ್ಡೆ. ಕರೆಂಟು ಕೈ ಕೊಟ್ಟಿತ್ತು. ಫ್ಯಾಕ್ಟರಿಯ ಮುದುಕ ಬಿಸಿಲು ನೋಡಿ, ಬೆರಳು ಮಡಿಸಿ ಹೇಳಿದ: "ಐದು ಪೂರ್ತಿ ಮುಟ್ಟಿದರೆ ಸಂಜೆ ಬಸ್ಸಿನ ತನಕ ತಡೀತದೆ. ನಾಲ್ಕಾದರೆ ಇಲ್ಲ."

ಐಸ್ ಗಾಡಿಯವನು ಹೊಟ್ಟು ಹರಡಿದ. ಐದು ಗಡ್ಡೆ ಇಟ್ಟ. ಗೋಣಿ ಮುಚ್ಚಿದ. ಮುಂದೆ ಬಿಳೀ ಬಟ್ಟೆ ಕಟ್ಟಿ ಹೊರಟ.

ಚೌಕ ಇನ್ನೂ ದೂರ ಇರೋವಾಗ ಅವನಿಗೆ ಒಂದು ಯೋಚನೆ ಬಂತು. ಅವರು ನನ್ನ ಗಾಡಿ ನೋಡ್ತಾರೆ. ಬಿಳೀ ಬಟ್ಟೆ ನೋಡ್ತಾರೆ. ಟೋಪಿ ತೆಗೀತಾರೆ. ಯಾರದೋ ಸಾವು ಅಂತ ದಾರಿ ಬಿಡ್ತಾರೆ. ಆಮೇಲೆ ಗಾಡಿ ತಮ್ಮ ಬೀದಿ ಕಡೆ ತಿರುಗೋದು ನೋಡ್ತಾರೆ. ಅಷ್ಟು ದೂರದಿಂದ, ಒಬ್ಬರೇ ನಿಂತು, ಕೈಲಿ ಟೋಪಿ ಹಿಡ್ಕೊಂಡು.

ಇಂಥ ವಿಷಯ ಒಂದು ಬಟ್ಟೆ ಹೇಳಬಾರದು ಅಂತ ಅನ್ನಿಸ್ತು ಅವನಿಗೆ. ಕೈಲಿ ಕೈ ಇಟ್ಟು ಹೇಳಬೇಕು ಅನ್ನಿಸ್ತು. ಹೇಗೂ ಒಂದು ಎಲೆಅಡಿಕೆ ಹೊತ್ತು. ಐದು ಗಡ್ಡೆ ಅಷ್ಟು ತಡೀತದೆ.

ಗಾಡಿ ನಿಲ್ಲಿಸಿ ಇಳಿದ. ಬಿಳೀ ಬಟ್ಟೆ ಬಿಚ್ಚಿದ. ಮಡಿಸಿ ಜೇಬಲ್ಲಿಟ್ಟುಕೊಂಡ.

ಪೊಲೀಸಿನವನು ದೂರದಿಂದಲೇ ನೋಡಿದ. ಇವತ್ತು ಐಸು ಬೇಗ ಬಂತಲ್ಲ ಅಂತ ಮುಖ ಅರಳಿತು. ಕೈ ತೋರಿಸಿದ. ಗಾಡಿ ನಿಂತಿತು. ಕಿಟಕಿಯಿಂದ ಕೈ ಬಂತು, ಅಂಗೈ ಮೇಲಾಗಿ. ಅದರ ಮೇಲೆ ಕೈ ಬಂತು, ಅಂಗೈ ಕೆಳಗಾಗಿ. ಪೊಲೀಸಿನವನು ಕಣ್ಣು ಮುಚ್ಚಿದ.

ಒಂದು ಎಲೆಅಡಿಕೆ ಹೊತ್ತು ಆಯ್ತು. ಸಮ ಆಗಲಿಲ್ಲ.

ಐಸ್ ಗಾಡಿಯವನ ಕೈ ತಣ್ಣಗೇ ಇತ್ತು. ದಿನಾ ಇರೋ ತಣ್ಣಗಲ್ಲ ಇದು. ಹೊರಗಿನ ಬಿಸಿ ಒಳಕ್ಕೆ ತಗೊಳ್ಳೋದೇ ಇಲ್ಲ ಅಂತ ಕೂತ ತಣ್ಣಗೆ. ಗಾಡಿ ಹಿಂದೆ ಗೋಣಿಯಿಂದ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು.

ಎರಡು ಎಲೆಅಡಿಕೆ ಹೊತ್ತು ಆಯ್ತು. ಹಿಂದೆ ಮೇಷ್ಟ್ರ ಸ್ಕೂಟರ್ ಬಂದು ನಿಂತಿತು. ಅದರ ಹಿಂದೆ ಮದುವೆಗೆ ಹೊರಟ ವಾದ್ಯದವರ ವ್ಯಾನು ನಿಂತಿತು. ಈ ಇಬ್ಬರಿಗೆ ಮಾತ್ರ ಬಾಯಿ ಬಿಡಂಗಿರಲಿಲ್ಲ, ಹಿಂದಿನವರಿಗೆ ಅಂಥದ್ದೇನೂ ಇರಲಿಲ್ಲ.

"ಇನ್ನೂ ಆಗಿಲ್ವೇ?" ಅಂದರು ಮೇಷ್ಟ್ರು.

"ಮುಹೂರ್ತಕ್ಕೆ ನಾವಿಲ್ಲದಿದ್ರೆ ಗಟ್ಟಿಮೇಳ ಅಂದಾಗ ಪಾತ್ರೆ ಬಡೀತಾರೆ ಮೇಷ್ಟ್ರೇ," ಅಂದ ಡೋಲಿನವನು.

"ಐಸಿನವನ ಕೈ ಬಿಸಿ ಮಾಡ್ರಯ್ಯ ಯಾರಾದ್ರೂ," ಅಂದರು ಮೇಷ್ಟ್ರು.

ಟೀ ಅಂಗಡಿಯವಳು ಒಂದು ಲೋಟ ಬಿಸಿ ಬಿಸಿ ಟೀ ತಂದು ಐಸ್ ಗಾಡಿಯವನ ಕೈ ಕೆಳಗೆ ಹಿಡಿದಳು. ಅವನ ಕೈ ಬಿಸಿ ಆಯ್ತು. ಮೇಲಿದ್ದ ಪೊಲೀಸಿನವನ ಕೈಯೂ ಅಷ್ಟೇ ಬಿಸಿ ಆಯ್ತು. ವ್ಯತ್ಯಾಸ ಮಾತ್ರ ಇದ್ದ ಹಾಗೇ ಉಳೀತು. ಅವಳು ಆ ಟೀ ಮೇಷ್ಟ್ರಿಗೆ ಕೊಟ್ಟು ಹೋದಳು.

ಹನಿ ಬೀಳೋದು ನಿಂತು, ಸಣ್ಣಗೆ ಧಾರೆ ಕಟ್ಟಿತು. ನೀರು ಗಾಡಿಯ ಕೆಳಗೆ ಹರಿದು ಬಂದು ಪೊಲೀಸಿನವನ ಬೂಟಿನ ಸುತ್ತ ನಿಂತಿತು. ಅವನು ಕಣ್ಣು ತೆಗೆದು ನೀರು ನೋಡಿದ. ಐಸ್ ಗಾಡಿಯವನ ಮುಖ ನೋಡಿದ. ಏನಾಯ್ತು ಅನ್ನೋ ಹಾಗೆ ಹುಬ್ಬು ಹಾರಿಸಿದ. ಐಸ್ ಗಾಡಿಯವನು ಎದುರಿನ ಗಾಜು ನೋಡ್ತಾ ಕೂತ.

ಮಾತಾಡಿದರೆ ಮೂರು ಸುತ್ತು. ಮತ್ತೆ ಮೊದಲಿಂದ. ಮಾತಾಡದಿದ್ದರೆ ಹಿಂದೆ ನೀರು. ಹನ್ನೊಂದು ವರ್ಷದಲ್ಲಿ ಈ ಕಿಟಕೀಲಿ ಕೈ ಚಾಚಿ ಕೂತಾಗ ಅವನಿಗೆ ಯಾವತ್ತೂ ಹೆದರಿಕೆ ಆಗಿರಲಿಲ್ಲ. ಇವತ್ತು ಆಯ್ತು.

ಮೂರನೇ ಎಲೆಅಡಿಕೆ ಹೊತ್ತು ಮುಗಿಯೋವಾಗ ಅವನು ಬಾಯಿ ಬಿಟ್ಟ.

"ಸಾಹೇಬ್ರೇ, ಈ ಐಸು ನಿಮ್ಮ ಮನೆಗೆ."

ಮೇಷ್ಟ್ರು ಟೀ ಲೋಟ ಬಾಯಿ ಹತ್ತಿರಾನೇ ಹಿಡ್ಕೊಂಡು ನಿಂತರು.

"ನಮ್ಮನೇಲಿ ಐಸ್ ಯಾಕೆ?" ಅಂದ ಪೊಲೀಸಿನವನು. ಅವನೂ ಮಾತಾಡಿಬಿಟ್ಟ. ಐಸ್ ಗಾಡಿಯವನು ಎಡಗೈಲಿ ಜೇಬಿನಿಂದ ಬಿಳೀ ಬಟ್ಟೆ ತೆಗೆದು ತೊಡೆ ಮೇಲೆ ಇಟ್ಟುಕೊಂಡ.

"ಅಕ್ಕ," ಅಂದ.

ಪೊಲೀಸಿನವನ ಕೈ ಇನ್ನೂ ಅವನ ಕೈ ಮೇಲೇ ಇತ್ತು. ಐಸ್ ಗಾಡಿಯವನಿಗೆ ಅದು ಗೊತ್ತಾಗ್ತಾ ಹೋಯ್ತು. ಮೊದಲು ಬೆರಳ ತುದಿಯ ಬಿಸಿ ಹೋಯ್ತು. ಆಮೇಲೆ ಬೆರಳಿನದು. ಆಮೇಲೆ ಅಂಗೈಯದು. ಹನ್ನೊಂದು ಬೇಸಿಗೆಯ ಬಿಸಿಲು ಮಣಿಕಟ್ಟಿನ ತನಕ ಇಳಿದು ಹೋಯ್ತು.

"ಸಮ," ಅಂದ ಪೊಲೀಸಿನವನು.

"ಸಮ," ಅಂದ ಐಸ್ ಗಾಡಿಯವನು.

ಮೂರು ಸುತ್ತು ಬರಬೇಕಲ್ಲ ಅಂತ ಯಾರಾದರೂ ಕೇಳಬಹುದಿತ್ತು. ಕಟ್ಟಳೆ ವಿಷಯದಲ್ಲಿ ಮೇಷ್ಟ್ರು ಬಹಳ ಕಟ್ಟುನಿಟ್ಟು. ಅವರೂ ಕೇಳಲಿಲ್ಲ. ಕೀ ತಿರುಗಿಸಿದ್ದೇ ತಡ ಗಾಡಿ ಸ್ಟಾರ್ಟ್ ಆಯ್ತು. ಆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಿದ್ದು ಅದೇ ಮೊದಲು.

ಪೊಲೀಸಿನವನು ಟೋಪಿ ತೆಗೆದು ಕೊಡೆಯ ಕಡ್ಡಿಗೆ ನೇತು ಹಾಕಿದ. ಗಾಡಿ ಹತ್ತಿ ಐಸ್ ಗಾಡಿಯವನ ಪಕ್ಕ ಕೂತ. ಚೌಕ ಖಾಲಿ ಬಿಡೋ ಹಾಗಿಲ್ಲ ಅಂತ ಮೇಷ್ಟ್ರು ಸ್ಕೂಟರ್ ಸ್ಟ್ಯಾಂಡ್ ಹಾಕಿ, ಟೀ ಲೋಟದ ಸಮೇತ ನಡುಮಧ್ಯೆ ಹೋಗಿ ನಿಂತರು. ವಾದ್ಯದವರು ಸದ್ದಿಲ್ಲದೆ ಅವರ ಪಕ್ಕದಿಂದ ಹೋದರು.

ದಾರೀಲಿ ಪೊಲೀಸಿನವನು ಒಂದೇ ಮಾತು ಆಡಿದ.

"ನಿನ್ನ ಕೈ ಬಿಸಿನೇ ಆಗ್ತಿರಲಿಲ್ಲ. ಇಷ್ಟು ವರ್ಷ ಆದ ಮೇಲೆ ನನ್ನ ಕಂಡು ಹೆದರಿದ್ದೀಯ ಅಂದ್ಕೊಂಡೆ."

ಬಟ್ಟೆ ಕಟ್ಟಿದ್ದರೆ ನೀವು ನಿಲ್ಲಿಸ್ತಿರಲಿಲ್ಲ ಅನ್ನೋದು ಐಸ್ ಗಾಡಿಯವನ ನಾಲಿಗೆ ತುದೀಲಿತ್ತು. ನುಂಗಿಕೊಂಡ.

ಮನೆ ಮುಂದೆ ಗೋಣಿ ತೆಗೆದಾಗ ಮೂರೂವರೆ ಗಡ್ಡೆ ಇತ್ತು.

ಅವಳನ್ನು ನಡುಮನೇಲಿ ಮಲಗಿಸಿ ಸುತ್ತ ಐಸ್ ಜೋಡಿಸಿದರು. ಪೊಲೀಸಿನವನು ಪಕ್ಕದಲ್ಲಿ ಕೂತ. ಹೆಂಡತಿಯ ಬಲಗೈ ತಗೊಂಡ. ಬೆರಳ ಸಂದೀಲಿ ಹುಣಸೆ ನಾರು ಇತ್ತು. ಅದನ್ನು ಬಿಡಿಸಿದ. ಅವಳ ಕೈ ಚಾಪೆ ಮೇಲೆ ಇಟ್ಟ, ಅಂಗೈ ಮೇಲಾಗಿ. ತನ್ನ ಕೈ ಅದರ ಮೇಲೆ ಇಟ್ಟ, ಅಂಗೈ ಕೆಳಗಾಗಿ.

ನೋಡ್ತಿದ್ದವರಿಗೆ ಅರ್ಥ ಆಯ್ತು. ಯಾರೂ ಅವನ ಜೊತೆ ಮಾತಾಡಲಿಲ್ಲ.

ಅವಳ ಕೈ ಐಸಿನಷ್ಟು ತಣ್ಣಗಿತ್ತು. ಅವನದು ತಣ್ಣಗಿದ್ದರೂ ಬದುಕಿದ್ದವರ ತಣ್ಣಗೆ. ಬಿಸಿಲು ಬಾಗಿಲಿಂದ ಒಳಕ್ಕೆ ಬಂತು, ಗೋಡೆ ಹತ್ತಿತು. ಐಸ್ ಕರಗ್ತಾ ಬಂತು. ಹೆಂಗಸರು ಬಟ್ಟೇಲಿ ನೀರು ಒತ್ತಿ ಬಕೆಟ್ಟಿಗೆ ಹಿಂಡೋರು, ಮತ್ತೆ ಒತ್ತೋರು. ಐಸ್ ಗಾಡಿಯವನು ಬಕೆಟ್ಟು ಎತ್ತಿ ಎತ್ತಿ ಹಿತ್ತಲಿಗೆ ಸುರಿದ. ತಂದವನೂ ಅವನೇ, ಚೆಲ್ಲಿದವನೂ ಅವನೇ.

ಹೊತ್ತು ವಾಲಿದಾಗ ಬರೀ ಗೋಣಿ ಉಳೀತು.

"ಐಸ್ ಆಯ್ತಪ್ಪ," ಅಂದ ಬೀದಿಯ ಹಿರಿಯ. "ಇನ್ನು ತಡೆಯೋಕಾಗಲ್ಲ."

ಪೊಲೀಸಿನವನು ತಲೆ ಆಡಿಸಿ, ಕೈ ಕಡೆ ಕಣ್ಣಲ್ಲೇ ತೋರಿಸಿದ. ಇನ್ನೂ ಆಗಿಲ್ಲ ಅಂತ. ಅದರ ಮೇಲೆ ಮಾತಾಡೋಕೆ ಆ ಊರಲ್ಲಿ ಯಾರಿಗೂ ಬಾಯಿರಲಿಲ್ಲ. ಹಿರಿಯ ಹೋಗಿ ಜಗಲೀಲಿ ಕೂತ. ಪಕ್ಕದ ಮನೆಯಾಕೆ ಬಸ್ಸು ಬರೋ ದಾರಿ ನೋಡ್ತಾ ನಿಂತಳು.

ಐಸ್ ಹೋದ ಮೇಲೆ ಬೇಸಿಗೆಯ ಬಿಸಿ ನಿಧಾನಕ್ಕೆ ಅವಳ ಕೈಗೆ ಬಂತು. ಬೆರಳ ತುದಿಗೆ ಬಂತು. ಬೆರಳಿಗೆ ಬಂತು. ಅಂಗೈಗೆ ಬಂತು. ಬದುಕಿದ್ದ ಕೈಯ ಹಾಗೇ ಆಯ್ತು.

"ಸಮ," ಅಂದ ಪೊಲೀಸಿನವನು.

ಅಂದು, ಇನ್ನೊಂದು ಸ್ವಲ್ಪ ಹೊತ್ತು ತಲೆ ಬಗ್ಗಿಸಿ ಕಾದ. ಆ ಕಡೆಯಿಂದಲೂ ಅನ್ನಬೇಕಲ್ಲ. ಆಮೇಲೆ ಕೈ ತೆಗೆದ.

ಅವಳನ್ನು ಎತ್ತಿದರು.

ಸಂಜೆ ಬಸ್ಸು ಬಂದಾಗ ಜನ ಮಣ್ಣು ಮುಚ್ಚಿ, ಕೆರೆ ಏರಿ ಕೆಳಗಿನ ಬಾವೀಲಿ ಮಿಂದು, ಒದ್ದೆ ಬಟ್ಟೇಲಿ ವಾಪಸ್ ಬರ್ತಿದ್ದರು. ಎತ್ತಿದ್ದಕ್ಕೂ ಬಸ್ಸಿಗೂ ನಡುವೆ ಮೂರು ಎಲೆಅಡಿಕೆ ಹೊತ್ತು, ಅಷ್ಟೇ. ಅವನು ಅಷ್ಟು ಹೊತ್ತು ಸಮ ಅನ್ನದೆ ಕೂತಿದ್ದರೆ ಮಗಳು ಮುಖ ನೋಡ್ತಿದ್ದಳು. ಆದರೆ ಸಮ ಆದ ಮೇಲೆ ಆಗಿಲ್ಲ ಅನ್ನೋದು ಆ ಪೊಲೀಸಿನವನಿಗೆ ಬರ್ತಿರಲಿಲ್ಲ. ಗಾಡಿಯವರಿಗೂ ಅನ್ನಲಿಲ್ಲ ಅವನು, ಹೆಂಡತಿಗೂ ಅನ್ನಲಿಲ್ಲ.

ಮಗಳು ಬಾಗಿಲಲ್ಲಿ ನಿಂತು ಖಾಲಿ ಚಾಪೆ ನೋಡಿದಳು. ಒದ್ದೆ ಗೋಣಿ ನೋಡಿದಳು. ಯಾರನ್ನೂ ಬೈಯಲಿಲ್ಲ. ಅಪ್ಪನ ಮುಂದೆ ಬಂದು ಕೂತಳು.

"ಅಪ್ಪಾ, ಅಮ್ಮನ ಕೈ ಹೆಂಗಿತ್ತು?"

ಪೊಲೀಸಿನವನು ತನ್ನ ಬಲಗೈ ಮುಂದಕ್ಕೆ ಚಾಚಿದ, ಅಂಗೈ ಮೇಲಾಗಿ. ಮಿಂದು ಬಂದಿದ್ದರೂ ಆ ಒಂದು ಕೈ ಒಣಗಿತ್ತು. ಅದನ್ನು ನೀರಿಗೆ ಇಳಿಸಿರಲಿಲ್ಲ ಅವನು.

"ಇಷ್ಟೇ ಇತ್ತು ಮಗಾ," ಅಂದ. "ಹಿಡ್ಕೋ."

ಅವಳು ಹಿಡಿದುಕೊಂಡಳು.

ಐಸ್ ಗಾಡಿಯವನು ಹಿತ್ತಲಲ್ಲಿ ಖಾಲಿ ಬಕೆಟ್ಟು ಹಿಡ್ಕೊಂಡು ನಿಂತಿದ್ದ. ಮಾರನೇ ದಿನ ಬೆಳಗ್ಗೆ ಮೊದಲು ಮೆಕ್ಯಾನಿಕ್ಕಿನ ಹತ್ತಿರ ಹೋದ. ಬ್ರೇಕ್ ಲೈಟು ಹಾಕಿಸಿದ.

ಹದಿಮೂರು ದಿನ ಆದ ಮೇಲೆ ಪೊಲೀಸಿನವನು ಚೌಕಕ್ಕೆ ಬಂದ. ಕೊಡೆಯ ಕಡ್ಡಿಯಿಂದ ಟೋಪಿ ಇಳಿಸಿದ. ಒಳಗೆ ಒಂದು ಗುಬ್ಬಿ ಹುಲ್ಲು ತಂದು ಇಟ್ಟಿತ್ತು. ಆ ಹುಲ್ಲು ತೆಗೆದು ಕೊಡೆಯ ಕಡ್ಡಿಗೇ ಸಿಕ್ಕಿಸಿ, ಟೋಪಿ ಹಾಕ್ಕೊಂಡ. ಅವತ್ತಿಂದ ಅವನು ನಿಲ್ಲಿಸಿದ ಗಾಡಿಯವರು ಒಂದು ಮಾತು ಹೇಳೋಕೆ ಶುರು ಮಾಡಿದರು: ಎಂಥ ಬಿಸಿಲಲ್ಲೂ ಅವರ ಕೈ ಕಾಯೋದೇ ಇಲ್ಲ. ಹೆದರಿದ ಗಾಡಿಯವನಾದರೆ ಕ್ಷಣದಲ್ಲಿ ಸಮ ಆಗೋದು. ಖುಷೀಲಿ ಇದ್ದವನಾದರೆ ಬಹಳ ಹೊತ್ತು ಹಿಡಿಯೋದು. ಮದುವೆ ಮಾಡ್ಕೊಂಡು ಊರಿಗೆ ಹೊರಟ ಒಂದು ಜೋಡಿ ಮಧ್ಯಾಹ್ನವೆಲ್ಲ ಅಲ್ಲೇ ಕಳೀಬೇಕಾಯ್ತು. ಹುಡುಗಿ ಅತ್ತ ಮೇಲೆ, ಅವಳನ್ನು ನೋಡಿ ಹುಡುಗನೂ ಸಪ್ಪಗಾದ ಮೇಲೆ ಸಮ ಆಯ್ತು.

ಐಸಿನ ಗಾಡಿ ದಿನಾ ಬರೋದು. ಚೌಕದಲ್ಲಿ ನಿಧಾನ ಮಾಡೋದು. ಹಿಂದೆ ಕೆಂಪು ಲೈಟು ಝಗ್ಗಂತ ಉರಿಯೋದು. ಪೊಲೀಸಿನವನು ಇನ್ನೊಂದು ಕಡೆ ತಿರುಗೋನು. ಐಸ್ ಗಾಡಿಯವನು ಎದುರಿನ ಗಾಜು ನೋಡ್ತಾ ಹೋಗೋನು. ಆ ಬೇಸಿಗೆ ಹೀಗೇ ಮುಗೀತು. ಮಳೆ ಬಂತು, ಹೋಯ್ತು. ಮತ್ತೆ ಬೇಸಿಗೆ ಬಂತು.

ಹನ್ನೆರಡನೇ ಬೇಸಿಗೆಯ ಒಂದು ಮಧ್ಯಾಹ್ನ ಐಸಿನ ಗಾಡಿ ಚೌಕ ದಾಟ್ತಿರೋವಾಗ ಪೊಲೀಸಿನವನು ಕೈ ತೋರಿಸಿದ.

ಗಾಡಿ ನಿಂತಿತು. ಹಿಂದೆ ಮೇಷ್ಟ್ರ ಸ್ಕೂಟರ್ ನಿಂತಿತು. ಅದರ ಹಿಂದೆ ಇನ್ನೂ ಒಂದು ನಾಲ್ಕು ಗಾಡಿ ನಿಂತವು.

ಕಿಟಕಿಯಿಂದ ಕೈ ಬಂತು, ಅಂಗೈ ಮೇಲಾಗಿ. ಅದರ ಮೇಲೆ ಕೈ ಬಂತು, ಅಂಗೈ ಕೆಳಗಾಗಿ.

ಕೈ ತಾಗಿದ್ದೇ ತಡ ಇಬ್ಬರೂ ಒಟ್ಟಿಗೆ ಅಂದರು. "ಸಮ."

"ಏನು ತಪ್ಪು ಸಾಹೇಬ್ರೇ?" ಅಂದ ಐಸ್ ಗಾಡಿಯವನು.

"ಬ್ರೇಕ್ ಲೈಟು ಉರೀತಿದೆ," ಅಂದ ಪೊಲೀಸಿನವನು.

ಐಸ್ ಗಾಡಿಯವನು ಎದುರಿನ ಗಾಜು ನೋಡೋದು ಬಿಟ್ಟು ಅವನ ಕಡೆ ತಿರುಗಿದ. "ಹೌದಾ," ಅಂದ. "ನೋಡ್ತೀನಿ."

"ನೋಡು. ಅವಳು ಬೇಡ ಅಂದಿದ್ದಳಲ್ಲ ನಿಂಗೆ."

ಐಸ್ ಗಾಡಿಯವನು ಇಳಿದು ಹಿಂದಕ್ಕೆ ಹೋದ. ಗಾಜಿನ ಮುಚ್ಚಳ ಬಿಚ್ಚಿ, ಬಲ್ಬ್ ತಿರುಗಿಸಿ ತೆಗೆದ. ಬಿಸಿ ಇತ್ತು ಅದು. ತಂದು ಪೊಲೀಸಿನವನ ಎಡಗೈಲಿ ಇಟ್ಟ. ಅವನು ಅದನ್ನು ಮುಷ್ಟೀಲಿ ಮುಚ್ಚಿಕೊಂಡ.

ಅಲ್ಲಿಗೆ ಎಲ್ಲ ಮುಗೀತು, ಹೊರಡಬಹುದಿತ್ತು. ಐಸ್ ಗಾಡಿಯವನು ಹತ್ತಿ ಕೂತ. ಆದರೆ ಕೀ ತಿರುಗಿಸಲಿಲ್ಲ. ಕಿಟಕಿಯಿಂದ ಮತ್ತೆ ಕೈ ಚಾಚಿದ, ಅಂಗೈ ಮೇಲಾಗಿ. ಪೊಲೀಸಿನವನು ಮತ್ತೆ ಕೈ ಇಟ್ಟ. ಕಣ್ಣು ಮುಚ್ಚಿದ. ಅವನ ಭುಜ ಇಳೀತು.

ಆಗಲೇ ಸಮ ಇದ್ದ ಕೈಗಳು ಅವು. ಈ ಸಲ ಇಬ್ಬರೂ ಸಮ ಅನ್ನಲಿಲ್ಲ.

ಗಾಡಿ ಹಿಂದೆ ಗೋಣಿಯಿಂದ ಒಂದು ಹನಿ ಬಿತ್ತು. ಮೇಷ್ಟ್ರು ಅದನ್ನು ನೋಡಿದರು. ಆಮೇಲೆ ಸ್ಕೂಟರ್ ಆಫ್ ಮಾಡಿದರು. ಅವರ ಹಿಂದಿನವನು ಆಫ್ ಮಾಡಿದ. ಅವನ ಹಿಂದಿನವನೂ ಮಾಡಿದ.